ಕ್ಯಾಮ್ ಮತ್ತು ಸಿಲಿಂಡರ್ ಹೆಡ್ ಹೊಂದಿಸುವುದು: ಪಿಸ್ಟನ್‌ಗೆ ವಾಲ್ವ್ ತಾಗದಂತೆ ಅಳೆಯುವ ಸಮಗ್ರ ಮಾರ್ಗದರ್ಶಿ

"ಈ ಕ್ಯಾಮ್‌ನ ಲಿಫ್ಟ್ 0.480 ಇಂಚು ಇದೆ, ನನ್ನ ಹೆಡ್‌ಗೆ ಆಗುತ್ತಾ?" ಇಂಜಿನ್ ಕಟ್ಟಲು ಹೊರಟವರು ಮೊದಲು ಕೇಳುವುದು ಇದನ್ನೇ. ಕ್ಯಾಮ್ ಅಂದರೆ ತಿರುಗುತ್ತಾ ವಾಲ್ವ್ ತೆರೆಸುವ ಶಾಫ್ಟ್, ಲಿಫ್ಟ್ ಅಂದರೆ ವಾಲ್ವ್ ಎಷ್ಟು ತೆರೆಯುತ್ತದೆ ಅನ್ನುವುದು. ಆದರೆ ಆ ಒಂದು ಅಂಕಿ ನೋಡಿ ವಾಲ್ವ್ ಪಿಸ್ಟನ್‌ಗೆ ತಾಗುತ್ತದೋ ಇಲ್ಲವೋ ಅಂತ ಯಾರೂ ಹೇಳಲಾರರು. ವಾಲ್ವ್ ಪೂರ್ತಿ ತೆರೆದಿರುವ ಹೊತ್ತಿಗೆ ಪಿಸ್ಟನ್ ಎಲ್ಲೋ ಕೆಳಗಿರುತ್ತದೆ. ಅಪಾಯ ಇರುವುದು ಪಿಸ್ಟನ್ ತುದಿಗೆ ಬಂದಾಗ, ವಾಲ್ವ್ ಅರೆಬರೆ ತೆರೆದಿರುವಾಗ. ಅಲ್ಲಿ ಎಷ್ಟು ಜಾಗ ಉಳಿದಿದೆ ಅನ್ನುವುದನ್ನು ಕ್ಯಾಮ್ ಒಂದೇ ತೀರ್ಮಾನಿಸುವುದಿಲ್ಲ. ಹೆಡ್, ಗ್ಯಾಸ್ಕೆಟ್, ಪಿಸ್ಟನ್, ವಾಲ್ವ್ ಒತ್ತುವ ರಾಕರ್ ಎಲ್ಲ ಸೇರಿ ತೀರ್ಮಾನಿಸುತ್ತವೆ. ಆದ್ದರಿಂದ ನಿಮ್ಮ ಇಂಜಿನ್ ಅನ್ನೇ ಅಳೆಯಬೇಕು, ಬೇರೆಯವರ ಇಂಜಿನ್‌ನಲ್ಲಿ ಆಯಿತು ಅನ್ನುವುದು ಲೆಕ್ಕಕ್ಕಿಲ್ಲ.

ಉದಾಹರಣೆಗೆ ಅಮೆರಿಕದ ಶೆವ್ರೊಲೆ ಸ್ಮಾಲ್ ಬ್ಲಾಕ್ 350 (350 ಘನ ಇಂಚಿನ ಇಂಜಿನ್) ಇಟ್ಟುಕೊಳ್ಳುತ್ತೇನೆ. ಸ್ಮಾಲ್ ಬ್ಲಾಕ್ ವಿ8 ಶುರುವಾದದ್ದು 1955ರಲ್ಲಿ, 350 ಬಂದದ್ದು 1967ರ ಕಮಾರೊ ಜೊತೆಗೆ. ಬೋರ್ 4.00 ಇಂಚು, ಸ್ಟ್ರೋಕ್ 3.48, ಕನೆಕ್ಟಿಂಗ್ ರಾಡ್ 5.7. ಇದಕ್ಕೆ ಸಿಗುವಷ್ಟು ಬಗೆಬಗೆಯ ಹೆಡ್, ಕ್ಯಾಮ್, ಪಿಸ್ಟನ್ ಬೇರೆ ಇಂಜಿನ್‌ಗೆ ಸಿಗುವುದು ಕಷ್ಟ, ಹಾಗಾಗಿ ಒಂದಕ್ಕೊಂದು ಹೊಂದದ ಜೋಡಿಗಳೂ ಇದರಲ್ಲೇ ಜಾಸ್ತಿ. ಅಮೆರಿಕದಲ್ಲಿದ್ದು ಹಳೆ ಶೆವಿ ಬಿಚ್ಚಿಕೊಂಡು ಕೂತಿರುವ ಕನ್ನಡಿಗರಿಗೆ ಇದು ನೇರವಾಗಿ ಉಪಯೋಗಕ್ಕೆ ಬರುತ್ತದೆ. ಊರಲ್ಲಿ ಹಳೆ ಎರಕದ ಕಬ್ಬಿಣದ ಬುಲೆಟ್‌ಗೆ ದೊಡ್ಡ ವಾಲ್ವ್ ಕೂರಿಸುವವರಿಗೂ ಅಳೆಯುವ ಕ್ರಮ ಇದೇ, ಅದೂ ಪುಶ್‌ರಾಡ್ ಇಂಜಿನ್ ಅಲ್ವಾ, ಕ್ಯಾಮ್ ಕೆಳಗಿದ್ದು ಉದ್ದ ಕಡ್ಡಿಯಿಂದ ರಾಕರ್ ಎತ್ತುವಂಥದ್ದು. ಅಂಕಿಗಳು ಮಾತ್ರ ಬೇರೆ.

ಪಿಸ್ಟನ್ ಮೇಲಿದ್ದಾಗ ನಡೆಯುವುದೇನು

ಎಕ್ಸಾಸ್ಟ್ ಸ್ಟ್ರೋಕ್ ಮುಗಿದು ಇನ್‌ಟೇಕ್ ಶುರುವಾಗುವ ಆ ಸ್ವಲ್ಪ ಹೊತ್ತು ಎರಡೂ ವಾಲ್ವ್ ತೆರೆದಿರುತ್ತವೆ. ಇದಕ್ಕೆ ಓವರ್‌ಲ್ಯಾಪ್ ಅನ್ನುತ್ತಾರೆ. ಪಿಸ್ಟನ್ ಮೇಲೇರುತ್ತಾ ಮುಚ್ಚುತ್ತಿರುವ ಎಕ್ಸಾಸ್ಟ್ ವಾಲ್ವ್ ಅನ್ನು ಅಟ್ಟಿಸಿಕೊಂಡು ಬರುತ್ತದೆ. ತುದಿ, ಅಂದರೆ ಟಿಡಿಸಿ, ದಾಟಿ ಪಿಸ್ಟನ್ ಇಳಿಯತೊಡಗಿದ ಮೇಲೆ ತೆರೆಯುತ್ತಿರುವ ಇನ್‌ಟೇಕ್ ವಾಲ್ವ್ ಪಿಸ್ಟನ್ ಅನ್ನು ಅಟ್ಟಿಸಿಕೊಂಡು ಹೋಗುತ್ತದೆ. ಸಾಮಾನ್ಯವಾಗಿ ಎಕ್ಸಾಸ್ಟ್ ಅತಿ ಹತ್ತಿರ ಬರುವುದು ಟಿಡಿಸಿಗೆ 10 ಡಿಗ್ರಿ ಮೊದಲಿನ ಆಸುಪಾಸಿನಲ್ಲಿ, ಇನ್‌ಟೇಕ್ ಅತಿ ಹತ್ತಿರ ಬರುವುದು 10 ಡಿಗ್ರಿ ನಂತರದ ಆಸುಪಾಸಿನಲ್ಲಿ.

350ರಲ್ಲಿ ಲೆಕ್ಕ ಹಾಕಿ ನೋಡಿ. ಟಿಡಿಸಿಯಿಂದ 10 ಡಿಗ್ರಿ ತಿರುಗಿದಾಗ ಪಿಸ್ಟನ್ ಇಳಿಯುವುದು ಬರೀ 0.034 ಇಂಚು, ಒಂದು ಮಿಲಿಮೀಟರ್ ಕೂಡ ಇಲ್ಲ. 20 ಡಿಗ್ರಿಗೆ ಸುಮಾರು 0.136. ಅದೇ ಇನ್‌ಟೇಕ್ ವಾಲ್ವ್ ಪೂರ್ತಿ ತೆರೆಯುವ 106 ಡಿಗ್ರಿಗೆ ಬಂದರೆ ಪಿಸ್ಟನ್ ಸುಮಾರು 2.47 ಇಂಚು, ಅಂದರೆ ಆರು ಸೆಂಟಿಮೀಟರ್‌ಗೂ ಜಾಸ್ತಿ ಕೆಳಗಿರುತ್ತದೆ. ಅಷ್ಟು ಕೆಳಗಿರುವ ಪಿಸ್ಟನ್‌ಗೆ ಅರ್ಧ ಇಂಚು ತೆರೆದ ವಾಲ್ವ್ ಏನು ಮಾಡೀತು?

ಹಾಗಾಗಿ ಕ್ಯಾಮ್ ಕಾರ್ಡ್‌ನಲ್ಲಿ ಲಿಫ್ಟ್ ಜೊತೆಗೆ ಮೂರು ಅಂಕಿ ಓದಬೇಕು: 0.050 ಇಂಚಿನಲ್ಲಿ ಡ್ಯುರೇಷನ್ (ಕ್ಯಾಮ್‌ನ ಉಬ್ಬು, ಅಂದರೆ ಲೋಬ್, 0.050 ಎತ್ತಿದಲ್ಲಿಂದ ಮತ್ತೆ ಅಷ್ಟಕ್ಕೆ ಇಳಿಯುವವರೆಗೆ ಕ್ರ್ಯಾಂಕ್ ತಿರುಗುವ ಡಿಗ್ರಿ), ಲೋಬ್ ಸೆಪರೇಷನ್ (ಇನ್‌ಟೇಕ್ ಮತ್ತು ಎಕ್ಸಾಸ್ಟ್ ಲೋಬ್‌ಗಳ ತುದಿಗಳ ನಡುವಿನ ಕೋನ), ಇನ್‌ಟೇಕ್ ಸೆಂಟರ್‌ಲೈನ್ (ಟಿಡಿಸಿ ಆಗಿ ಎಷ್ಟು ಡಿಗ್ರಿಗೆ ಇನ್‌ಟೇಕ್ ಲೋಬ್‌ನ ತುದಿ ಬರುತ್ತದೆ ಅನ್ನುವುದು). ಡ್ಯುರೇಷನ್ 230, ಲೋಬ್ ಸೆಪರೇಷನ್ 110, ಇನ್‌ಟೇಕ್ ಸೆಂಟರ್‌ಲೈನ್ 106 ಅಂತ ಇಟ್ಟುಕೊಳ್ಳಿ. 230ರ ಅರ್ಧ 115, ಅದರಲ್ಲಿ 106 ಕಳೆದರೆ 9. ಅಂದರೆ ಟಿಡಿಸಿಗೆ 9 ಡಿಗ್ರಿ ಇರುವಾಗಲೇ ಲೋಬ್ 0.050 ಇಂಚು ಎತ್ತಿರುತ್ತದೆ. 1.5 ಅನುಪಾತದ ರಾಕರ್ ಅದನ್ನು ವಾಲ್ವ್‌ನಲ್ಲಿ 0.075 ಮಾಡುತ್ತದೆ. ಇನ್ನೂ ಪಿಸ್ಟನ್ ಏರುತ್ತಲೇ ಇದೆ, ವಾಲ್ವ್ ಇಳಿಯುತ್ತಲೇ ಇದೆ. ಲಿಫ್ಟ್ 0.500 ಇದ್ದು ಡ್ಯುರೇಷನ್ ಕಡಿಮೆ, ಲೋಬ್ ಸೆಪರೇಷನ್ 112 ಇರುವ ಕ್ಯಾಮ್‌ಗಿಂತ, ಲಿಫ್ಟ್ 0.480 ಮಾತ್ರ ಇದ್ದು ಉದ್ದ ಡ್ಯುರೇಷನ್, ಸೆಪರೇಷನ್ 106 ಇರುವ ಕ್ಯಾಮ್ ಪಿಸ್ಟನ್‌ಗೆ ಎಷ್ಟೋ ಹತ್ತಿರ ಬರಬಹುದು. ಕಡಿಮೆ ಲಿಫ್ಟ್, ಆದ್ದರಿಂದ ಸೇಫ್ ಅನ್ನುವ ನಂಬಿಕೆ ಬಾಗಿದ ವಾಲ್ವ್‌ಗಳಿಗೆ ದೊಡ್ಡ ಕಾರಣ.

ಸಾಮಾನು ಕೊಳ್ಳುವ ಮೊದಲು ನೋಡಬೇಕಾದದ್ದು

ಹೆಡ್‌ನಿಂದ ಶುರು ಮಾಡಿ, ಕ್ಯಾಮ್‌ನಿಂದ ಅಲ್ಲ. ನನ್ನ ಪ್ರಕಾರ ಇದೇ ಸರಿಯಾದ ದಾರಿ. ಹೆಡ್ ಎಷ್ಟು ಲಿಫ್ಟ್‌ವರೆಗೆ ಗಾಳಿ ಎಳೆಯುತ್ತದೋ ಅಷ್ಟಕ್ಕೆ ಹೊಂದುವ ಕ್ಯಾಮ್ ಸಾಕು. ಅದಕ್ಕಿಂತ ಮೇಲೆ ಎತ್ತಿದರೆ ಸ್ಪ್ರಿಂಗ್ ಸವೆಯುತ್ತದೆ, ಪವರ್ ಬರುವುದಿಲ್ಲ. 1996ರಿಂದ ಜಿಎಂ ಟ್ರಕ್‌ಗಳಲ್ಲಿ ಬಂದ ವೋರ್ಟೆಕ್ ಹೆಡ್ ತಗೊಳ್ಳಿ: 64 ಸಿಸಿ ಚೇಂಬರ್ (ಹೆಡ್‌ನಲ್ಲಿ ಮಿಶ್ರಣ ಉರಿಯುವ ಗುಳಿ), 1.94 ಮತ್ತು 1.50 ಇಂಚಿನ ವಾಲ್ವ್. ಅಗ್ಗಕ್ಕೆ ಸಿಗುವ ಒಳ್ಳೆ ಹೆಡ್. ಆದರೆ ಫ್ಯಾಕ್ಟರಿಯಿಂದ ಬಂದ ಹಾಗೇ ಬಳಸಿದರೆ 0.460 ದಾಟುತ್ತಿದ್ದ ಹಾಗೆ ಸ್ಪ್ರಿಂಗ್ ರಿಟೇನರ್ (ಸ್ಪ್ರಿಂಗ್ ಹಿಡಿದಿಡುವ ಮೇಲಿನ ಬಿಲ್ಲೆ) ಹೋಗಿ ವಾಲ್ವ್ ಗೈಡ್‌ನ, ಅಂದರೆ ವಾಲ್ವ್ ಕಾಂಡ ಜಾರುವ ಕೊಳವೆಯ, ಸೀಲ್‌ಗೆ ಹೊಡೆಯುವ ಅಪಾಯ ಇದೆ. ಇಲ್ಲಿ ಪಿಸ್ಟನ್‌ಗಿಂತ ಮೊದಲು ಗೈಡೇ ಅಡ್ಡ ಬರುತ್ತದೆ.

ಎರಡನೆಯದು ವಾಲ್ವ್‌ನ ಕೋನ ಮತ್ತು ಸೈಜ್. ಸ್ಮಾಲ್ ಬ್ಲಾಕ್‌ನ ಮೂಲ ವಾಲ್ವ್ ಕೋನ 23 ಡಿಗ್ರಿ, ಸಾಮಾನ್ಯ ಪಿಸ್ಟನ್‌ಗಳ ತಲೆಯ ಮೇಲೆ ಕೊರೆದ ಪಾಕೆಟ್ ಕೂಡ ಅದೇ ಕೋನಕ್ಕೆ. 18 ಡಿಗ್ರಿಯ ರೇಸಿಂಗ್ ಹೆಡ್ ತಂದು 23 ಡಿಗ್ರಿಯ ಪಿಸ್ಟನ್ ಮೇಲೆ ಕೂರಿಸಿದರೆ ವಾಲ್ವ್ ಇಳಿಯುವ ಜಾಗ ಒಂದು, ಪಾಕೆಟ್ ಇರುವ ಜಾಗ ಇನ್ನೊಂದು. 23 ಡಿಗ್ರಿಯದ್ದೇ ಆದರೂ 1.94 ಬದಲು 2.02 ಇಂಚಿನ ವಾಲ್ವ್ ಹಾಕಿದರೆ ಅಂಚು ಸುತ್ತಲೂ 0.040 ಇಂಚು ಹೊರಗೆ ಬರುತ್ತದೆ. ಆಳದಲ್ಲಿ ಬೇಕಾದಷ್ಟು ಜಾಗ ಇದ್ದೂ ಪಕ್ಕದ ಗೋಡೆಗೆ ತಾಗಬಹುದು. ಬಹಳ ಜನ ಮರೆಯುವುದು ಇದನ್ನೇ.

ಮೂರನೆಯದು, ಹೆಡ್‌ಗೆ ಈ ಮೊದಲು ಎಷ್ಟು ಫೇಸಿಂಗ್ ಹೊಡೆದಿದ್ದಾರೆ (ತಳದ ಮುಖ ಕೆತ್ತಿ ಸಮ ಮಾಡಿದ್ದಾರೆ), ಬ್ಲಾಕ್‌ನ ಡೆಕ್ (ಹೆಡ್ ಕೂರುವ ಮುಖ) ಎಷ್ಟು ತೆಗೆದಿದ್ದಾರೆ ಅನ್ನುವುದು. 350ರ ಬ್ಲಾಕ್ ಹೊಸದರಲ್ಲಿ ಪಿಸ್ಟನ್ ಟಿಡಿಸಿಯಲ್ಲಿ ಡೆಕ್‌ಗಿಂತ ಸುಮಾರು 0.025 ಇಂಚು ಒಳಗೆ ನಿಲ್ಲುತ್ತದೆ. ಕಂಪ್ರೆಷನ್ ಏರಿಸಲು ಡೆಕ್ ಅನ್ನು ಪಿಸ್ಟನ್ ಸಮಕ್ಕೆ ತಂದರೆ ಆ 0.025 ಹೋಯಿತು. ಹಳೆ ಹೆಡ್ ಕೊಂಡಿದ್ದರೆ ಮಾರಿದವರ ಬಾಯಿಮಾತು ಬೇಡ, ಬ್ಯುರೆಟ್‌ನಲ್ಲಿ ಚೇಂಬರ್ ಸಿಸಿ ಅಳೆಯಿರಿ. 64 ಇರಬೇಕಾದ್ದು 60 ಬಂದರೆ ಯಾರೋ ಚೆನ್ನಾಗಿಯೇ ತೆಗೆದಿದ್ದಾರೆ ಅಂತ ಗೊತ್ತಾಗುತ್ತದೆ.

ಫೇಸಿಂಗ್‌ನಿಂದ ವಾಲ್ವ್ ಜಾಗ ಎಷ್ಟು ಹೋಗುತ್ತದೆ? ವಾಲ್ವ್ ವಾಲಿಕೊಂಡಿರುವುದರಿಂದ ತೆಗೆದ ದಪ್ಪವನ್ನು 0.92ರಿಂದ ಗುಣಿಸಿ, ಅದು 23 ಡಿಗ್ರಿಯ ಕೊಸೈನ್. ಹೆಡ್‌ನಿಂದ 0.010 ತೆಗೆದರೆ 0.009 ಹೋಯಿತು. 0.041 ದಪ್ಪದ ಗ್ಯಾಸ್ಕೆಟ್ ಬದಲು 0.028ರದ್ದು ಹಾಕಿದರೆ 0.012 ಹೋಯಿತು. ಇನ್‌ಟೇಕ್‌ನಲ್ಲಿ 0.092 ಇದ್ದ ಜಾಗ ಇವೆರಡೂ ಸೇರಿ 0.071ಕ್ಕೆ ಇಳಿಯುತ್ತದೆ. ಒಂದೊಂದೇ ನೋಡಿದರೆ ಚಿಕ್ಕ ಬದಲಾವಣೆ, ಕೂಡಿದರೆ ಕನಿಷ್ಠ ಬೇಕಾದ 0.080ಕ್ಕಿಂತ ಕೆಳಗೆ ಹೋಯಿತು.

ರಾಕರ್ ಕೂಡ ಹಾಗೇ. ಲೋಬ್ 0.320 ಇದ್ದರೆ 1.5 ರಾಕರ್‌ನಲ್ಲಿ ಲಿಫ್ಟ್ 0.480, 1.6ರಲ್ಲಿ 0.512. ತುದಿಯ ಲಿಫ್ಟ್ ಮಾತ್ರ ಅಲ್ಲ, ಟಿಡಿಸಿ ಹತ್ತಿರದ ಲಿಫ್ಟ್ ಕೂಡ ಅದೇ ಪ್ರಮಾಣದಲ್ಲಿ ಏರುತ್ತದೆ.

ಅಳೆಯಲು ಬೇಕಾದದ್ದು

ಡಿಗ್ರಿ ವೀಲ್, ಗಟ್ಟಿ ತಂತಿಯ ಪಾಯಿಂಟರ್, ಪಿಸ್ಟನ್ ಸ್ಟಾಪ್, ಸ್ಟ್ಯಾಂಡ್ ಸಮೇತ ಡಯಲ್ ಇಂಡಿಕೇಟರ್, ವರ್ನಿಯರ್, ಕೈಯಲ್ಲಿ ಒತ್ತಿದರೆ ಇಳಿಯುವಂಥ ಮೆತ್ತನೆಯ ಚೆಕಿಂಗ್ ಸ್ಪ್ರಿಂಗ್ ಒಂದು ಜೊತೆ, ಮಕ್ಕಳು ಗೊಂಬೆ ಮಾಡುವ ಬಣ್ಣದ ಕ್ಲೇ, ಹೊಸ ಬ್ಲೇಡು. ಜೊತೆಗೆ ನೀವು ಕೊನೆಗೆ ಹಾಕಲಿರುವ ದಪ್ಪದ್ದೇ ಆದ, ಒಮ್ಮೆ ಬಿಗಿದು ಬಿಚ್ಚಿದ ಹಳೆ ಹೆಡ್ ಗ್ಯಾಸ್ಕೆಟ್. ಹೊಸದನ್ನು ಇದಕ್ಕೆ ಹಾಳು ಮಾಡಬೇಡಿ.

ಲೋಬ್ ಮೇಲೆ ಕೂತು ಪುಶ್‌ರಾಡ್ ಎತ್ತುವ ಭಾಗ ಲಿಫ್ಟರ್. ನಿಮ್ಮದು ಹೈಡ್ರಾಲಿಕ್ ಲಿಫ್ಟರ್ ಆದರೆ ಅಳೆಯುವಾಗ ಒಂದು ಜೊತೆ ಸಾಲಿಡ್ ಲಿಫ್ಟರ್ ಬೇಕು. ಹೈಡ್ರಾಲಿಕ್‌ನ ಒಳಗಿನ ಪ್ಲಂಜರ್ ಸ್ಪ್ರಿಂಗ್ ಭಾರಕ್ಕೆ ಕುಸಿಯುತ್ತದೆ, ವಾಲ್ವ್ ನಿಜಕ್ಕೆ ತೆರೆಯುವಷ್ಟು ತೆರೆಯುವುದಿಲ್ಲ, ನಿಮಗೆ ಜಾಗ ಜಾಸ್ತಿ ಇದ್ದ ಹಾಗೆ ಕಾಣುತ್ತದೆ. ಇಂಜಿನ್ ಓಡುವಾಗ ಎಣ್ಣೆ ತುಂಬಿ ಲಿಫ್ಟರ್ ಗಟ್ಟಿಯಾದ ಮೇಲೆ ಆ ಜಾಗ ಇರುವುದಿಲ್ಲ. ಸಾಲಿಡ್ ಲಿಫ್ಟರ್‌ನ ಎತ್ತರ ಬೇರೆ ಇದ್ದರೆ ಅಡ್ಜಸ್ಟ್ ಮಾಡಬಹುದಾದ ಚೆಕಿಂಗ್ ಪುಶ್‌ರಾಡ್ ಬಳಸಿ ಸರಿದೂಗಿಸಿ.

ಮೊದಲ ಕೆಲಸ: ನಿಜವಾದ ಟಿಡಿಸಿ, ಆಮೇಲೆ ಕ್ಯಾಮ್

ಟೈಮಿಂಗ್ ಕವರ್ ಮೇಲಿನ ಗುರುತು ನಂಬಬೇಡಿ. ಡಿಗ್ರಿ ವೀಲ್ ಅನ್ನು ಕ್ರ್ಯಾಂಕ್ ಮೂತಿಗೆ ಕೂರಿಸಿ, ಒಂದನೇ ಸಿಲಿಂಡರ್‌ಗೆ ಪಿಸ್ಟನ್ ಸ್ಟಾಪ್ ಹಾಕಿ. ಕ್ರ್ಯಾಂಕ್ ಅನ್ನು ನಿಧಾನವಾಗಿ ಒಂದು ಕಡೆ ತಿರುಗಿಸಿ, ತಾಗಿದಲ್ಲಿ ಡಿಗ್ರಿ ಬರೆದುಕೊಳ್ಳಿ. ಇನ್ನೊಂದು ಕಡೆ ತಿರುಗಿಸಿ, ಅದನ್ನೂ ಬರೆದುಕೊಳ್ಳಿ. ಒಂದು ಕಡೆ 38, ಇನ್ನೊಂದು ಕಡೆ 42 ಬಂದರೆ ಎರಡೂ ಕಡೆ 40 ಬರುವಂತೆ ಪಾಯಿಂಟರ್ ಸರಿಸಿ. ಅಲ್ಲಿಗೆ ಸೊನ್ನೆ ನಿಜವಾದ ಟಿಡಿಸಿ ಆಯಿತು. ಸ್ಟಾಪ್ ತೆಗೆಯುವುದು ಮರೆಯಬೇಡಿ.

ಈಗ ಇನ್‌ಟೇಕ್ ಲಿಫ್ಟರ್ ಮೇಲೆ ಡಯಲ್ ಇಟ್ಟು ಸೆಂಟರ್‌ಲೈನ್ ಹುಡುಕಿ. ಲೋಬ್‌ನ ತುದಿಗೆ 0.050 ಮೊದಲು ವೀಲ್ ಎಷ್ಟು ತೋರಿಸುತ್ತದೆ, ತುದಿ ದಾಟಿ 0.050 ಇಳಿದಾಗ ಎಷ್ಟು ತೋರಿಸುತ್ತದೆ, ಎರಡನ್ನೂ ಕೂಡಿ ಅರ್ಧ ಮಾಡಿ. ಕಾರ್ಡ್‌ನಲ್ಲಿ 106 ಇದ್ದು ನಿಮಗೆ 102 ಬಂದರೆ ಕ್ಯಾಮ್ 4 ಡಿಗ್ರಿ ಅಡ್ವಾನ್ಸ್ ಕೂತಿದೆ, ಅಂದರೆ ವಾಲ್ವ್‌ಗಳು ಅಷ್ಟು ಬೇಗ ತೆರೆಯುತ್ತವೆ. ತಡವಾದರೆ ಅದು ರಿಟಾರ್ಡ್. ಯಾವಾಗಲೂ ಇಂಜಿನ್ ಓಡುವ ದಿಕ್ಕಿನಲ್ಲೇ ತಿರುಗಿಸಿ. ಡಿಗ್ರಿ ದಾಟಿ ಹೋದರೆ ಜಾಸ್ತಿ ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬನ್ನಿ, ಇಲ್ಲದಿದ್ದರೆ ಚೈನ್‌ನ ಸಡಿಲ ನಿಮ್ಮ ಓದಿಕೆಗೆ ಸೇರಿಬಿಡುತ್ತದೆ.

ಈ ಕೆಲಸ ಬಿಟ್ಟು ನೇರ ಕ್ಲೇ ಹಾಕುವವರಿದ್ದಾರೆ. ಕ್ಯಾಮ್ ಎಲ್ಲಿ ಕೂತಿದೆ ಅಂತಲೇ ತಿಳಿಯದೆ ಅಳೆದ ಜಾಗಕ್ಕೆ ಅರ್ಥವಿಲ್ಲ. ಆಮೇಲೆ ಕ್ಯಾಮ್ ಸರಿ ಮಾಡಿದ ತಕ್ಷಣ ಆ ಅಂಕಿ ಸುಳ್ಳಾಗುತ್ತದೆ.

ಕ್ಲೇ ಹಾಕಿ ನೋಡುವುದು

ಪಿಸ್ಟನ್ ತಲೆ ಒರೆಸಿ, ವಾಲ್ವ್ ಪಾಕೆಟ್‌ಗಳ ಮೇಲೆ ಕಾಲು ಇಂಚು ದಪ್ಪಕ್ಕೆ ಕ್ಲೇ ಹಚ್ಚಿ. ಪಾಕೆಟ್‌ನ ಗೋಡೆಗೂ, ಅದರ ಆಚೆಗೂ ಸ್ವಲ್ಪ ಹರಡಿ, ಪಕ್ಕದ ಜಾಗ ಅಳೆಯಲು ಬೇಕಾಗುತ್ತದೆ. ಕ್ಲೇ ಚಪಾತಿ ಹಿಟ್ಟಿನಷ್ಟು ಮೆದುವಿರಲಿ, ಚಳಿಗೆ ಗಟ್ಟಿಯಾಗಿದ್ದರೆ ಕೈಯಲ್ಲಿ ನಾದಿ. ಕ್ಲೇ ಮೇಲೂ ವಾಲ್ವ್ ಮುಖಕ್ಕೂ ತೆಳ್ಳಗೆ ಎಣ್ಣೆ ಸವರಿ, ಇಲ್ಲದಿದ್ದರೆ ಹೆಡ್ ಎತ್ತುವಾಗ ಕ್ಲೇ ವಾಲ್ವ್‌ಗೆ ಅಂಟಿಕೊಂಡು ಕಿತ್ತು ಬರುತ್ತದೆ.

ಹಳೆ ಗ್ಯಾಸ್ಕೆಟ್ ಇಟ್ಟು ಹೆಡ್ ಕೂರಿಸಿ ಬೋಲ್ಟ್ ಬಿಗಿಯಿರಿ. ಆ ಸಿಲಿಂಡರ್‌ನ ಲಿಫ್ಟರ್, ಪುಶ್‌ರಾಡ್, ರಾಕರ್ ಹಾಕಿ ಲ್ಯಾಶ್, ಅಂದರೆ ರಾಕರ್‌ಗೂ ವಾಲ್ವ್‌ಗೂ ನಡುವಿನ ಸಡಿಲ, ಸೊನ್ನೆಗೆ ಇಡಿ. ಸಾಲಿಡ್ ಕ್ಯಾಮ್ ಆದರೂ ನಾನು ಸೊನ್ನೆಯಲ್ಲೇ ನೋಡಿ ಅನ್ನುತ್ತೇನೆ, ಆಗ ಅತಿ ಕೆಟ್ಟ ಸ್ಥಿತಿ ಗೊತ್ತಾಗುತ್ತದೆ, ಲ್ಯಾಶ್ ಕೊಟ್ಟಾಗ ಸಿಗುವ ಜಾಗ ಲಾಭ. ಈಗ ಉದ್ದ ಹಿಡಿಯ ಸ್ಪ್ಯಾನರ್‌ನಲ್ಲಿ ಕ್ರ್ಯಾಂಕ್ ಅನ್ನು ಪೂರ್ತಿ ಎರಡು ಸುತ್ತು ತಿರುಗಿಸಿ. ಒಂದೇ ಸುತ್ತು ಸಾಲದು, ಕ್ಯಾಮ್ ಒಂದು ಸುತ್ತು ಬರಲು ಕ್ರ್ಯಾಂಕ್ ಎರಡು ಸುತ್ತಬೇಕು. ಮಧ್ಯೆ ಎಲ್ಲಾದರೂ ಗಟ್ಟಿಯಾಗಿ ನಿಂತರೆ ಒತ್ತಾಯ ಬೇಡ, ಲೋಹಕ್ಕೆ ಲೋಹ ತಾಗಿರಬಹುದು. ಸ್ಟಾರ್ಟರ್ ಮೋಟರ್‌ನಲ್ಲಿ ಅಂತೂ ತಿರುಗಿಸಲೇಬಾರದು.

ಹೆಡ್ ನೇರವಾಗಿ ಮೇಲೆತ್ತಿ. ಕ್ಲೇ ಮೇಲೆ ಎರಡು ವಾಲ್ವ್‌ಗಳ ಅಚ್ಚು ಬಿದ್ದಿರುತ್ತದೆ. ಎಣ್ಣೆ ಸವರಿದ ಬ್ಲೇಡಿನಿಂದ ಅಚ್ಚಿನ ನಡುವೆ ಅಡ್ಡಲಾಗಿ ಕೊಯ್ದು ಒಂದು ಪಾಲು ಮೆಲ್ಲಗೆ ತೆಗೆಯಿರಿ. ಪಕ್ಕದಿಂದ ನೋಡಿದರೆ ಎಲ್ಲ ಕಾಣುತ್ತದೆ: ಅಚ್ಚಿನ ತಳದಲ್ಲಿ ಉಳಿದ ಕ್ಲೇ ದಪ್ಪವೇ ಆಳದ ಜಾಗ, ವಾಲ್ವ್ ಅಂಚಿಗೂ ಪಾಕೆಟ್ ಗೋಡೆಗೂ ನಡುವೆ ನಿಂತ ಕ್ಲೇ ಪಕ್ಕದ ಜಾಗ. ಅತಿ ತೆಳ್ಳಗಿರುವ ಕಡೆಯೇ ಅಳೆಯಿರಿ. ಅಚ್ಚು ಒಂದು ಬದಿಗೆ ಆಳವಾಗಿ, ಇನ್ನೊಂದು ಬದಿಗೆ ಮೇಲುಮೇಲೆ ಬಿದ್ದಿದ್ದರೆ ವಾಲ್ವ್ ಕೋನಕ್ಕೂ ಪಾಕೆಟ್ ಕೋನಕ್ಕೂ ತಾಳೆ ಇಲ್ಲ ಅಂತ ಅರ್ಥ. ವರ್ನಿಯರ್ ಬಾಯಿಯಿಂದ ಕ್ಲೇ ಹಿಸುಕಿ ಅಳೆದರೆ ಓದಿಕೆ ತಪ್ಪುತ್ತದೆ. ವರ್ನಿಯರ್ ಹಿಂದಿನ ಡೆಪ್ತ್ ಕಡ್ಡಿಯನ್ನು ಮೇಲಿಂದ ಚುಚ್ಚಿ ನೋಡುವುದು ಮೇಲು.

ಡಯಲ್ ಇಟ್ಟು ನೋಡುವುದು

ಕ್ಲೇ ಆಕಾರ ತೋರಿಸುತ್ತದೆ, ಡಯಲ್ ಅಂಕಿ ಕೊಡುತ್ತದೆ. ಎರಡೂ ಮಾಡಿ. ಚೆಕಿಂಗ್ ಸ್ಪ್ರಿಂಗ್ ಹಾಕಿದ ಹೆಡ್ ಕೂರಿಸಿ, ಡಯಲ್‌ನ ಕಡ್ಡಿಯನ್ನು ರಿಟೇನರ್ ಮೇಲೆ ಇಡಿ. ಕಡ್ಡಿ ವಾಲ್ವ್ ಕಾಂಡಕ್ಕೆ ಸಮಾನಾಂತರವಾಗಿರಲಿ, ಓರೆಯಾದರೆ ಓದಿಕೆಯೂ ಓರೆ.

ಎಕ್ಸಾಸ್ಟ್ ಸ್ಟ್ರೋಕ್‌ನಲ್ಲಿ ಟಿಡಿಸಿಗೆ 20 ಡಿಗ್ರಿ ಮೊದಲು ನಿಲ್ಲಿಸಿ. ಡಯಲ್ ಸೊನ್ನೆ ಮಾಡಿ, ರಾಕರ್ ತುದಿಯನ್ನು ಕೈಯಲ್ಲಿ ಒತ್ತಿ ವಾಲ್ವ್ ಪಿಸ್ಟನ್‌ಗೆ ತಾಗುವವರೆಗೆ ಇಳಿಸಿ. ಡಯಲ್ ತೋರಿಸಿದ್ದೇ ಆ ಡಿಗ್ರಿಯಲ್ಲಿ ಉಳಿದಿರುವ ಜಾಗ. ಬಿಡಿ, 2 ಡಿಗ್ರಿ ಮುಂದೆ ಹೋಗಿ, ಮತ್ತೆ ಒತ್ತಿ. ಹೀಗೆ ಟಿಡಿಸಿ ದಾಟಿ 20 ಡಿಗ್ರಿವರೆಗೆ. ಎಕ್ಸಾಸ್ಟ್‌ಗೆ ಒಂದು ಸಾಲು, ಇನ್‌ಟೇಕ್‌ಗೆ ಒಂದು ಸಾಲು ಬರೆದುಕೊಳ್ಳಿ. ಅಂಕಿಗಳು ಇಳಿಯುತ್ತಾ ಬಂದು ಒಂದು ಕಡೆ ತಿರುಗಿ ಏರತೊಡಗುತ್ತವೆ. ಆ ತಿರುವೇ ನಿಮಗೆ ಬೇಕಾದ ಅಂಕಿ.

ಒಂದೇ ಸಿಲಿಂಡರ್ ನೋಡಿ ಮುಗಿಸಬೇಡಿ. ಡೆಕ್ ನಾಲ್ಕು ಮೂಲೆಗೂ ಸಮ ಇರುತ್ತದೆ ಅನ್ನುವ ಖಾತ್ರಿ ಇಲ್ಲ, ಎರಡು ಹೆಡ್‌ಗೂ ಒಂದೇ ಸಮ ಫೇಸಿಂಗ್ ಆಗಿರುತ್ತದೆ ಅಂತಲೂ ಇಲ್ಲ. ಸ್ಮಾಲ್ ಬ್ಲಾಕ್‌ನ ನಾಲ್ಕು ಮೂಲೆ ಅಂದರೆ 1, 2, 7, 8ನೇ ಸಿಲಿಂಡರ್. ಇಷ್ಟಾದರೂ ಬೇಕು. ಎರಡೇ ಪಾಕೆಟ್ ಇರುವ ಪಿಸ್ಟನ್ ಆದರೆ ಪಾಕೆಟ್‌ಗಳು ಲಿಫ್ಟರ್‌ಗಳ ಕಡೆಗೆ, ಅಂದರೆ ಇಂಜಿನ್‌ನ ನಡುಭಾಗಕ್ಕೆ ಮುಖ ಮಾಡಿವೆಯಾ ಅಂತ ಪ್ರತಿಯೊಂದನ್ನೂ ನೋಡಿಕೊಳ್ಳಿ.

ಎಷ್ಟಿದ್ದರೆ ಸಾಕು

ಸ್ಟೀಲ್ ರಾಡ್ ಇರುವ ಇಂಜಿನ್‌ಗೆ ರೂಢಿಯಲ್ಲಿರುವ ಕನಿಷ್ಠ ಅಳತೆ: ಇನ್‌ಟೇಕ್‌ಗೆ 0.080 ಇಂಚು (ಸುಮಾರು 2 ಮಿ.ಮೀ.), ಎಕ್ಸಾಸ್ಟ್‌ಗೆ 0.100 ಇಂಚು (ಸುಮಾರು 2.5 ಮಿ.ಮೀ.), ಪಕ್ಕದಲ್ಲಿ ಸುತ್ತಲೂ 0.050 ಇಂಚು. ಅಲ್ಯೂಮಿನಿಯಂ ರಾಡ್ ಜಾಸ್ತಿ ಹಿಗ್ಗುತ್ತದೆ, ಅದಕ್ಕೆ ಇನ್ನೂ ಹೆಚ್ಚು ಬೇಕು, ಎಷ್ಟು ಅಂತ ರಾಡ್ ಮಾಡಿದವರನ್ನೇ ಕೇಳಿ.

ತಾಗದಿದ್ದರೆ ಸಾಕಲ್ಲ, ಇಷ್ಟು ಯಾಕೆ ಅಂತ ಅನ್ನಿಸಬಹುದು. ನೀವು ಅಳೆದದ್ದು ತಣ್ಣಗೆ, ಕೈಯಲ್ಲಿ ತಿರುಗುವ ಇಂಜಿನ್. 6000 ಆರ್‌ಪಿಎಂನಲ್ಲಿ ರಾಡ್ ಹಿಗ್ಗುತ್ತದೆ, ಬೇರಿಂಗ್ ಸಡಿಲ ಎಲ್ಲ ಪಿಸ್ಟನ್ ಅನ್ನು ಮೇಲಕ್ಕೆ ಬಿಡುತ್ತದೆ, ಪಿಸ್ಟನ್ ಬೋರ್‌ನಲ್ಲಿ ಸ್ವಲ್ಪ ವಾಲುತ್ತದೆ. ಎಕ್ಸಾಸ್ಟ್‌ಗೆ ಹೆಚ್ಚು ಬೇಕಾಗುವುದಕ್ಕೆ ಬೇರೆ ಕಾರಣಗಳೂ ಇವೆ. ಆ ವಾಲ್ವ್ ಕೆಂಡದಂತೆ ಕಾದು ಉದ್ದವಾಗುತ್ತದೆ. ಆರ್‌ಪಿಎಂ ಮಿತಿ ಮೀರಿ ಸ್ಪ್ರಿಂಗ್ ಸೋತರೆ ಮುಚ್ಚಬೇಕಾದ ವಾಲ್ವ್ ತಡವಾಗಿ ಮುಚ್ಚುತ್ತದೆ, ಹಿಂದೆಯೇ ಪಿಸ್ಟನ್ ಬರುತ್ತಿರುತ್ತದೆ. ಚೈನ್ ಸವೆದು ಸಡಿಲವಾದ ಹಾಗೆ ಕ್ಯಾಮ್ ರಿಟಾರ್ಡ್ ಆಗುತ್ತಾ ಹೋಗುತ್ತದೆ, ಅದರಿಂದ ಇನ್‌ಟೇಕ್‌ಗೆ ಜಾಗ ಸಿಗುತ್ತದೆ, ಎಕ್ಸಾಸ್ಟ್ ಕಳೆದುಕೊಳ್ಳುತ್ತದೆ.

ಇದೇ ಹೊತ್ತಿನಲ್ಲಿ ಹೆಡ್ ಮೇಲಿನ ಜಾಗಗಳನ್ನೂ ನೋಡಿಬಿಡಿ. ಪೂರ್ತಿ ಲಿಫ್ಟ್‌ನಲ್ಲಿ ರಿಟೇನರ್‌ಗೂ ಗೈಡ್ ಸೀಲ್‌ಗೂ ನಡುವೆ 0.060 ಇರಲಿ. ನಿಜವಾದ ಸ್ಪ್ರಿಂಗ್‌ನ ಸುರುಳಿಗಳು ಒಂದಕ್ಕೊಂದು ಅಂಟಿ ನಿಲ್ಲುವ ಮೊದಲು ಒಟ್ಟು 0.060 ಉಳಿದಿರಲಿ. ರಾಕರ್‌ನ ಕಂಡಿ ಅದು ಕೂರುವ ಸ್ಟಡ್‌ಗೆ ತಾಗಬಾರದು.

ಜಾಗ ಸಾಲದಿದ್ದರೆ

ಯಾವ ವಾಲ್ವ್‌ಗೆ ಎಷ್ಟು ಕೊರತೆ ಅನ್ನುವುದರ ಮೇಲೆ ದಾರಿ ಬೇರೆ.

ಇನ್‌ಟೇಕ್‌ಗೆ ಕಡಿಮೆ ಇದ್ದು ಎಕ್ಸಾಸ್ಟ್‌ಗೆ ಧಾರಾಳ ಇದ್ದರೆ ಕ್ಯಾಮ್ ಒಂದೆರಡು ಡಿಗ್ರಿ ರಿಟಾರ್ಡ್ ಮಾಡಬಹುದು, ಉಲ್ಟಾ ಇದ್ದರೆ ಅಡ್ವಾನ್ಸ್. ರಿಟಾರ್ಡ್ ಮಾಡಿದರೆ ಕೆಳಗಿನ ಆರ್‌ಪಿಎಂನ ಎಳೆತ ಸ್ವಲ್ಪ ತಗ್ಗುತ್ತದೆ, ಅದು ಒಪ್ಪಿಗೆಯಾದರೆ ಮಾತ್ರ. ಎರಡಕ್ಕೂ ಕಡಿಮೆ ಇದ್ದರೆ ಇದು ಉಪಯೋಗವಿಲ್ಲ, ಒಂದರಿಂದ ಕಿತ್ತು ಇನ್ನೊಂದಕ್ಕೆ ಕೊಟ್ಟ ಹಾಗಾಗುತ್ತದೆ.

ದಪ್ಪ ಗ್ಯಾಸ್ಕೆಟ್ ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ನನಗೆ ಮಾತ್ರ ಇದು ಇಷ್ಟವಿಲ್ಲ. ಪಿಸ್ಟನ್‌ನ ಚಪ್ಪಟೆ ಭಾಗಕ್ಕೂ ಹೆಡ್‌ಗೂ ನಡುವೆ 0.035ರಿಂದ 0.045 ಇಂಚು ಇದ್ದಾಗ ಮಿಶ್ರಣ ಚೆನ್ನಾಗಿ ಕಲಕಿ ನಾಕಿಂಗ್ ತಡೆಯುತ್ತದೆ. ದಪ್ಪ ಗ್ಯಾಸ್ಕೆಟ್ ಹಾಕಿದರೆ ಅದು ಹಾಳು, ಕಂಪ್ರೆಷನ್ನೂ ಇಳಿಯುತ್ತದೆ. ವಾಲ್ವ್ ಸೀಟನ್ನು ಆಳಕ್ಕೆ ಕೊರೆದು ವಾಲ್ವ್ ಒಳಗೆ ಕೂರಿಸುವುದಂತೂ ಬೇಡ, ಹೆಡ್‌ನ ಗಾಳಿ ಹರಿವು ಕೆಡುತ್ತದೆ. ಒಳ್ಳೆ ಹೆಡ್‌ಗೆ ದುಡ್ಡು ಕೊಟ್ಟದ್ದು ಯಾಕೆ ಹಾಗಾದರೆ?

1.6 ರಾಕರ್ ಹಾಕಿದ್ದರೆ 1.5ಕ್ಕೆ ಮರಳುವುದು ಸುಲಭ. ಅಥವಾ ಡ್ಯುರೇಷನ್ ಸ್ವಲ್ಪ ಕಡಿಮೆ, ಸೆಪರೇಷನ್ ಜಾಸ್ತಿ ಇರುವ ಕ್ಯಾಮ್ ತರುವುದು. ರಸ್ತೆಯಲ್ಲಿ ಓಡಿಸುವ ಕಾರಿಗೆ ಎಷ್ಟೋ ಸಲ ಅದೇ ಒಳ್ಳೆ ಕ್ಯಾಮ್ ಕೂಡ, ಐಡಲ್ ಶಾಂತವಾಗಿರುತ್ತದೆ, ಬ್ರೇಕ್ ಬೂಸ್ಟರ್‌ಗೆ ವ್ಯಾಕ್ಯೂಮ್ ಸಿಗುತ್ತದೆ.

ಇವು ಯಾವುದೂ ಆಗದಿದ್ದರೆ, ಅಥವಾ ಕೊರತೆ ಪಕ್ಕದ ಜಾಗದ್ದಾದರೆ, ಪಿಸ್ಟನ್‌ನ ಪಾಕೆಟ್ ಕೊರೆಸಬೇಕು. ಎಲ್ಲಿ ಕೊರೆಯಬೇಕು ಅನ್ನುವುದನ್ನು ಹೆಡ್‌ನಿಂದಲೇ ಗುರುತು ಮಾಡಿ: ವಾಲ್ವ್ ಕಾಂಡದ ದಪ್ಪದ್ದೇ ಚೂಪು ತುದಿಯ ಕಡ್ಡಿಯನ್ನು ಗೈಡ್‌ನಲ್ಲಿ ಇಳಿಬಿಟ್ಟು ಪಿಸ್ಟನ್ ಮೇಲೆ ಚುಕ್ಕಿ ಹೊಡೆದರೆ ವಾಲ್ವ್‌ನ ನಡುಬಿಂದು ಸಿಗುತ್ತದೆ. ಕೊರೆಯುವ ಮೊದಲು ಪಾಕೆಟ್ ಕೆಳಗೆ ಲೋಹ ಎಷ್ಟಿದೆ ಅಂತ ಅಳೆಯಿರಿ, ಎಷ್ಟು ಉಳಿಯಲೇಬೇಕು ಅನ್ನುವುದನ್ನು ಪಿಸ್ಟನ್ ಕಂಪನಿ ಹೇಳುತ್ತದೆ. ಮೇಲಿನ ರಿಂಗ್ ಕೂರುವ ಗ್ರೂವ್‌ಗೂ ಪಾಕೆಟ್‌ಗೂ ನಡುವಿನ ಗೋಡೆ ತೆಳುವಾಗದಂತೆ ನೋಡಿಕೊಳ್ಳಿ. ಕೆಲಸವನ್ನು ಮಿಲ್ಲಿಂಗ್ ಮೆಷಿನ್‌ನಲ್ಲಿ 23 ಡಿಗ್ರಿ ವಾಲಿಸಿ ಹಿಡಿದು ಮಾಡಿಸಿ, ಎಂಟಕ್ಕೂ ಒಂದೇ ಆಳ. ಕೊರೆದ ಚೂಪು ಅಂಚುಗಳನ್ನು ಸಣ್ಣ ಅರದಿಂದ ನುಣುಪು ಮಾಡಿ, ಚೂಪು ಅಂಚು ಕಾದು ಕೆಂಪಾದರೆ ಸ್ಪಾರ್ಕ್‌ಗೆ ಮೊದಲೇ ಮಿಶ್ರಣ ಹೊತ್ತಿಕೊಳ್ಳುತ್ತದೆ. ಎಂಟೂ ಪಿಸ್ಟನ್ ತೂಗಿ ಸಮ ಮಾಡಿಸಿ, ಪಾಕೆಟ್‌ನ ಹೊಸ ಸಿಸಿ ಅಳೆದು ಕಂಪ್ರೆಷನ್ ಲೆಕ್ಕ ಮತ್ತೆ ಹಾಕಿ. ಆಮೇಲೆ ಕ್ಲೇ ತಂದು ಮೊದಲಿನ ಹಾಗೇ ಎರಡು ಸುತ್ತು ತಿರುಗಿಸಿ ನೋಡಿ, ಹೊಸ ಗ್ಯಾಸ್ಕೆಟ್ ಕವರಿನಿಂದ ತೆಗೆಯುವುದು ಅದಾದ ಮೇಲೆ.